ಐದನೆಯ ನಟ್ಟು

ತುಕ್ಕಿಗೂ ರಕ್ತಕ್ಕೂ ಒಂದೇ ರುಚಿ, ತರಚಿದ ಗೆಣ್ಣನ್ನು ಚೀಪುತ್ತಾ ಹಾಲನ್‌ಗೆ ಹೊಳೆದದ್ದು ಇದು, ಸ್ಪ್ಯಾನರ್ ಜಾರಿದ್ದು ಮೂರನೆಯ ಸಲವೋ ಮುನ್ನೂರನೆಯ ಸಲವೋ, ಎಣಿಸಿದವರು ಯಾರು, ಜೀಪಿನ ಎಡಗಡೆಯ ಮುಂದಿನ ಚಕ್ರ ಗಾಳಿಯಿಲ್ಲದೆ ದೋಸೆಯಂತೆ ರಸ್ತೆಗೆ ಅಂಟಿಕೊಂಡಿದೆ, ಐದು ನಟ್ಟುಗಳಲ್ಲಿ ನಾಲ್ಕು ಹೇಳಿದ ಮಾತು ಕೇಳುವ ಮಕ್ಕಳ ಹಾಗೆ ಕಳಚಿ ಬಂದು ಅವನ ಉಣ್ಣೆಯ ಟೊಪ್ಪಿಗೆಯೊಳಗೆ ಮಲಗಿವೆ, ಐದನೆಯದು — ಐದನೆಯದು ನಟ್ಟಲ್ಲ, ದೊಡ್ಡಬೆಟ್ಟದ ಬೇರು, ನೀಲಗಿರಿಯನ್ನೇ ಅದರ ಮೇಲೆ ಬಿಗಿದು ಕೂರಿಸಿದ್ದಾರೆ, ಇದನ್ನು ಬಿಚ್ಚಿದರೆ ಊಟಿ ಕೆರೆ ಕಳಚಿಕೊಂಡು ಮೈಸೂರಿನ ತನಕ ಹರಿದೀತು, ಹಾಗಲ್ಲದಿದ್ದರೆ ಹಾಲನ್‌ನ ಕೈಗೆ ಬಗ್ಗದ ಕಬ್ಬಿಣ ಈ ಜಿಲ್ಲೆಯಲ್ಲಿ ಎಲ್ಲಿದೆ, ಸ್ಪ್ಯಾನರಿಗೆ ನಾಲ್ಕಡಿ ಪೈಪು ಸಿಕ್ಕಿಸಿ, ಪೈಪು ಜೀಪಿನ ಮೂತಿಯ ಕಡೆಗೆ ಚಾಚಿಕೊಳ್ಳುವಂತೆ ಇಟ್ಟು, ಅದರ ತುದಿಯ ಮೇಲೆ ಎರಡೂ ಕಾಲೂರಿ ಬಾನೆಟ್ ಹಿಡಿದು ಕುಣಿದಿದ್ದಾನೆ, ನಿಂತರೆ ಎಪ್ಪತ್ತು ಕಿಲೋ, ಕುಣಿದರೆ ಏಳುನೂರು, ಉಳಿದ ನಾಲ್ಕನ್ನು ಬಿಚ್ಚಿದ್ದೂ ಇದೇ ಕಡೆಗೆ ಒತ್ತಿ, ಇದೊಂದು ಮಾತ್ರ ಪ್ರತಿ ಕುಣಿತಕ್ಕೂ ಇನ್ನಷ್ಟು ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ, ಹಾಲಾ, ಹೊತ್ತು ಓಡ್ತಾ ಇದೆ ಕೂಸೇ, ಓಡಲಿ ಬಿಡು ಮಾಮಿ, ನನ್ನ ಜೀಪಿಗಿಂತ ಜೋರಾಗಿ ಓಡೋ ಹೊತ್ತು ಇನ್ನೂ ಹುಟ್ಟಿಲ್ಲ, ನಿನ್ನ ಜೀಪು ನಿಂತಿದೆಯಲ್ಲೋ, ಅವನ ಅಪ್ಪನ ತಂಗಿ ಪೊನ್ನಮ್ಮ ಮೈಲಿಗಲ್ಲಿನ ಮೇಲೆ ಕೂತು ಹೀಗೆನ್ನುತ್ತಾಳೆ, ಅವಳ ಬಿಳಿ ತಲೆವಸ್ತ್ರದ ಮೂಲೆಯಲ್ಲಿ ಒಂದು ಗಂಟು, ಗಂಟಿನಲ್ಲಿ ವೀರರಾಯನ ಹಣ ಎಂಬ ಹಳೇ ಕಾಲದ ನಾಣ್ಯ, ತೊಗರಿಬೇಳೆಗಿಂತ ಚಿಕ್ಕದೊಂದು ಬಂಗಾರದ ಚೂರು, ಊದಿದರೆ ಹಾರೀತು, ಅದನ್ನು ಹೊತ್ತ ಮೇಲೆ ಜೀಪಿನ ಸ್ಪ್ರಿಂಗ್ ಪಟ್ಟಿಗಳೇ ಬಗ್ಗಿದವು ಎಂದು ಹಾಲನ್‌ಗೆ ಅನ್ನಿಸುತ್ತಿದೆ, ಅಷ್ಟು ಭಾರ, ಅವರ ಊರು ಹುಬ್ಬತಲೈಯಲ್ಲಿ ಜೋಗಿ ಹೆತ್ತೆ, ಹಾಲನ್‌ನ ಅಜ್ಜಿ, ಅವನ ಅಪ್ಪನನ್ನೂ ಈ ಪೊನ್ನಮ್ಮನನ್ನೂ ಹೆತ್ತವಳು, ತೊಂಬತ್ತೊಂದು ವರ್ಷದವಳು, ನಿನ್ನೆಯಿಂದ ಅನ್ನ ಬಿಟ್ಟಿದ್ದಾಳೆ, ಹಣ ಎಲ್ಲಿ ಎಂದು ಮಾತ್ರ ಕೇಳುತ್ತಾಳೆ, ಸಾಯುವವರ ನಾಲಗೆಯ ಮೇಲೆ ಆ ಹಣವನ್ನು ತುಪ್ಪದಲ್ಲಿ ಅದ್ದಿ ಇಡಬೇಕು, ಅವರು ನುಂಗಬೇಕು, ಆ ದಾರಿಗೆ ಅದೇ ಬುತ್ತಿ, ಬುತ್ತಿಯಿಲ್ಲದೆ ಹೊರಟವರು ಸತ್ತವರು ದಾಟಬೇಕಾದ ನೂಲಿನ ಸೇತುವೆಯ ಈಚೆಗೇ ನಿಂತುಬಿಡುತ್ತಾರೆ, ಇಡುವ ಕೈ ಮಗನದಾಗಬೇಕು, ಮಗನಿಲ್ಲದಿದ್ದರೆ ಹಿರಿಯ ಮೊಮ್ಮಗನದು, ಅವಳ ಗಂಡುಮಕ್ಕಳು ಯಾರೂ ಉಳಿದಿಲ್ಲ, ಅಂದರೆ ಈ ಕೈ, ಗೆಣ್ಣು ತರಚಿಕೊಂಡು ತುಕ್ಕು ಮೆತ್ತಿಕೊಂಡು ಮಸಿನಗುಡಿ ರಸ್ತೆಯಲ್ಲಿ ಸುಮ್ಮನೆ ನೇತಾಡುತ್ತಿರುವ ಈ ಕೈ.

ಮನೆಯಲ್ಲೇ ಇದ್ದಿದ್ದರೆ ಈ ಓಟವೇ ಇರಲಿಲ್ಲ, ಹೆತ್ತೆಯೇ ಆ ಹಣವನ್ನು ಗೂಡಲೂರಿನಾಚೆಯ ದೇವಾಲಕ್ಕೆ ಸಾಗಹಾಕಿದ್ದು, ಎಸ್ಟೇಟಿನ ಲೆಕ್ಕ ಬರೆಯುವ ರೈಟರಿಗೆ ಕೊಟ್ಟ ಈ ಪೊನ್ನಮ್ಮನ ಮನೆಗೆ, ಕಾರಣ ಊರಿಗೆಲ್ಲ ಗೊತ್ತು, ಹಾಲನ್ ಇಪ್ಪತ್ತರ ಹುಡುಗನಾಗಿದ್ದಾಗ ಅದನ್ನು ಕದ್ದು ಟೀ ಅಂಗಡಿಗೆ ಒಯ್ದಿದ್ದ, ಟಿಪ್ಪು ಸುಲ್ತಾನ ನಮ್ಮ ಮುತ್ತಜ್ಜನಿಗೆ ಕುದುರೆಯಿಂದಿಳಿದು ಕೈಮುಗಿದು ಕೊಟ್ಟದ್ದು ಎಂದು ತೋರಿಸುತ್ತಾ ಚಹಾದ ಲೋಟದೊಳಗೇ ಬೀಳಿಸಿದ್ದ, ಲೋಟ ಬೇರೆ ಯಾರದೋ, ಅವನು ಕುಡಿದು ಮುಗಿಸುವ ತನಕ ಹಾಲನ್ ಆ ಲೋಟವನ್ನೇ ನೋಡುತ್ತಾ ನಿಂತಿದ್ದ, ಹಣ ತಳದಲ್ಲಿ ಉಳಿದಿತ್ತು, ಪುಣ್ಯ, ಅಂದು ಹೆತ್ತೆ ಬೈಯಲಿಲ್ಲ, ಇವನ ಬಾಯಲ್ಲಿ ಮಾತು ನಿಲ್ಲಲ್ಲ, ಕೈಯಲ್ಲಿ ಬಂಗಾರ ನಿಂತೀತಾ, ಇಷ್ಟೇ ಅಂದಳು, ಅವಳಿಗೆ ಅವನ ಯಾವ ಸುದ್ದಿ ಹೇಳಿದರೂ ಒಂದೇ ಮಾತು, ಹಾಲಾ, ಅರ್ಧ ಕಳೆದು ಹೇಳು, ಇಂದು ಬೆಳಗ್ಗೆ ಅವಳ ಹಾಸಿಗೆಯ ಬಳಿ ನಿಂತು ಅವನು ಹೇಳಿ ಬಂದಿದ್ದಾನೆ, ಹೊತ್ತು ಮುಳುಗೋದರೊಳಗೆ ತಂದು ನಿನ್ನ ನಾಲಗೆ ಮೇಲೆ ಇಡ್ತೀನಿ ಹೆತ್ತೇ, ಅವಳು ಕಣ್ಣು ತೆರೆಯದೆ ಏನೋ ಅಂದಳು, ಅರ್ಧ ಕಳೆಯುವ ಮಾತೇ ಇರಬೇಕು, ಹೊತ್ತಿನಲ್ಲಿ ಅರ್ಧ ಕಳೆಯುವುದು ಹೇಗೆ, ಹೋಗುವಾಗ ಗೂಡಲೂರು ದಾರಿ ಸಲೀಸಾಗಿತ್ತು, ಬರುವಷ್ಟರಲ್ಲಿ ನಡುವಟ್ಟದ ಬಳಿ ಗುಡ್ಡ ಕುಸಿದು ರಸ್ತೆ ಮುಚ್ಚಿತು, ಅದಕ್ಕೇನು, ಕೆಳಗಿಳಿದು ತೆಪ್ಪಕಾಡು, ಮಸಿನಗುಡಿ, ಅಲ್ಲಿಂದ ಕಲ್ಲಟ್ಟಿಯ ಮೂವತ್ತಾರು ತಿರುವು, ಕಣ್ಣು ಮುಚ್ಚಿ ಹತ್ತಿಸುತ್ತೇನೆ ಎಂದು ಹೊರಟವನು, ಇಪ್ಪತ್ತೆರಡು ವರ್ಷದ ಡ್ರೈವರಿಕೆಯಲ್ಲಿ ಒಂದೇ ಒಂದು ಸಲವೂ ಟೈರಿಗೆ ಕೈ ಹಾಕದವನು, ಪಂಕ್ಚರ್ ಆದರೂ ಅಂಗಡಿಯ ಮುಂದೆಯೇ ಆಗುವ ಅದೃಷ್ಟದವನು, ಈ ಜೀಪು ಬಂದು ಇನ್ನೂ ಮೂರು ತಿಂಗಳಾಗಿಲ್ಲ, ತೊಂಬತ್ತೇಳರ ಮಿಲಿಟರಿ ಹರಾಜಿನಲ್ಲಿ ಹಿಡಿದದ್ದು, ಎರಡು ಯುದ್ಧ ಕಂಡ ಗಾಡಿ ಎಂದು ಊರಲ್ಲಿ ಹೇಳಿದ್ದಾನೆ, ಮೂರು ಅಂತಲೂ ಒಮ್ಮೆ ಹೇಳಿದ್ದಾನೆ, ತೆಪ್ಪಕಾಡು ದಾಟಿ ಒಂದು ಮೈಲಿ ಬಂದಿರಬೇಕು, ಢಬ್ ಅಂದಿತು, ಇಳಿದು ಸಾಮಾನು ತೆಗೆಯುವಷ್ಟರಲ್ಲಿ ಹಿಂದಿನಿಂದ ಬಸ್ಸು, ಊಟಿಗೆ ಹತ್ತುವ ಸಣ್ಣ ಬಸ್ಸು, ಮಧ್ಯಾಹ್ನದ ಮೇಲೆ ಈ ದಾರಿಗೆ ಅದೊಂದೇ, ಡ್ರೈವರು ಬ್ರೇಕ್ ಹಾಕಿ ತಲೆ ಹೊರಗೆ ಚಾಚಿ, ಏನಾಚ್ಚಣ್ಣಾ, ಹತ್ತಿಕೊಳ್ತೀರಾ, ಪೊನ್ನಮ್ಮ ಆಗಲೇ ಮೈಲಿಗಲ್ಲಿನಿಂದ ಎದ್ದಿದ್ದಳು, ಒಂದು ಕಾಲು ಮುಂದಿಟ್ಟಿದ್ದಳು, ಆಗ ಈ ಬಾಯಿ, ಎರಡು ನಿಮಿಷದ ಕೆಲಸ, ಮಸಿನಗುಡಿ ಚೆಕ್‌ಪೋಸ್ಟಲ್ಲಿ ನಿನ್ನ ಬಸ್ಸನ್ನ ಓವರ್‌ಟೇಕ್ ಮಾಡ್ತೀನಿ, ಚಹಾ ಕುಡಿದು ಕಾಯ್ತಾ ಇರು, ಬಸ್ಸೊಳಗಿದ್ದವರು ನಕ್ಕರು, ಬಸ್ಸು ಹೋಯಿತು, ಪೊನ್ನಮ್ಮ ಆ ಕಾಲನ್ನು ಹಿಂದಕ್ಕೆಳೆದುಕೊಂಡು ಮತ್ತೆ ಕಲ್ಲಿನ ಮೇಲೆ ಕೂತಳು, ಅದಾಗಿ ಒಂದೂವರೆ ಗಂಟೆ, ಆಮೇಲೆ ರಸ್ತೆಗೆ ಬಂದದ್ದು ಎರಡು ನವಿಲು, ಒಂದು ಜಿಂಕೆಯ ಹಿಂಡು, ಹುಲಿಯೂ ಬಂದು ನೋಡಿಕೊಂಡು ಹೋಗಿರಬಹುದು, ನಟ್ಟು ಅಲ್ಲೇ ಇದೆ.

ಮೊದಲು ಬಂದದ್ದು ಸದ್ದಲ್ಲ, ಹಸಿ ಸೊಪ್ಪಿನ ವಾಸನೆ, ಆಮೇಲೆ ಎಲೆ ತರಗುಟ್ಟುವ ಶಬ್ದ, ತಿರುವಿನಲ್ಲಿ ಒಂದು ಸೊಪ್ಪಿನ ಗುಡ್ಡವೇ ನಡೆದು ಬರುತ್ತಿದೆ, ಗುಡ್ಡದ ಕೆಳಗೆ ನಾಲ್ಕು ಕಾಲು, ತೆಪ್ಪಕಾಡಿನ ಆನೆ ಕ್ಯಾಂಪಿನ ಹೆಣ್ಣಾನೆ, ಕಿವಿಯ ಅಂಚೆಲ್ಲ ಹರಿದು ಗುಲಾಬಿ ಬಣ್ಣಕ್ಕೆ ತಿರುಗಿದ ಮುದುಕಿ, ಪಕ್ಕದಲ್ಲಿ ಕೋಲನ್ನೂ ಹಿಡಿಯದೆ ನಡೆಯುತ್ತಿರುವ ಕುರುಂಬರ ಮಾವುತ, ಸಣ್ಣ ಆಳು, ಬೀಡಿ ಸೇದುತ್ತಾನೆ, ಏನಣ್ಣಾ ಗಾಡಿ ಮಲಗಿಬಿಡ್ತಾ, ಮಲಗಿಲ್ಲ, ಸುಮ್ಮನೆ ನಿಲ್ಸಿದೀನಿ, ಇಂಜಿನ್ನು ತಣ್ಣಗಾಗಲಿ ಅಂತ, ಚಕ್ರ ಬಿಚ್ಚಿ ತಣ್ಣಗೆ ಮಾಡ್ತಾರಾ ಅಣ್ಣಾ, ಪೊನ್ನಮ್ಮ ಮೈಲಿಗಲ್ಲಿನಿಂದಲೇ ಅಂದಳು, ಅವನ ಮಾತು ಬಿಡಪ್ಪಾ, ನನ್ನ ಅವ್ವೆ ಸಾಯ್ತಾ ಇದ್ದಾಳೆ, ಆ ನಟ್ಟು ಬರ್ತಾ ಇಲ್ಲ, ಇಷ್ಟೇ, ಒಂದೂವರೆ ಗಂಟೆ ಹಾಲನ್ ಕಟ್ಟಿ ನಿಲ್ಲಿಸಿದ್ದೆಲ್ಲ ಅವಳ ಎರಡು ಮಾತಿಗೆ ಬಿತ್ತು, ಮಾವುತನ ಮುಖ ಬದಲಾಯಿತು, ಬೀಡಿ ಆರಿಸಿ ಕಿವಿಗೆ ಸಿಕ್ಕಿಸಿಕೊಂಡ, ನಾನು ಮಾದನ್, ಇವಳು ಚೆಲುವಿ, ಕೇಳಿ ನೋಡೋಣ ಇರಿ ಅಂದ, ಯಾರನ್ನು ಕೇಳುತ್ತಾನೆ, ಕಾಡಾನೆಯ ಬಾಲಕ್ಕೆ ಹಗ್ಗ ಕಟ್ಟಿ ಜೀಪು ಎಳೆಸಿದವನು ತಾನು ಎಂದು ಹುಬ್ಬತಲೈಯಲ್ಲಿ ಎಷ್ಟು ಸಲ ಹೇಳಿಲ್ಲ ಹಾಲನ್, ಮೂರು ಆನೆ ಅಂತ, ಒಂದಕ್ಕೆ ಮೂಗುದಾರ ಅಂತ, ಈಗ ಎರಡು ಮಾರು ದೂರದಲ್ಲಿ ನಿಜದ್ದೊಂದು ಬಂದು ನಿಂತರೆ ಅವನು ಹಿಂದಕ್ಕೆ ಸರಿದು ಬಾನೆಟ್ಟಿಗೆ ಬೆನ್ನು ಒತ್ತಿಕೊಂಡಿದ್ದಾನೆ, ಎಷ್ಟು ದೊಡ್ಡದು, ಊಟಿಯ ಮಾರ್ಕೆಟ್ ಗಡಿಯಾರದ ಗೋಪುರದಷ್ಟು, ಅಲ್ಲ, ಅಷ್ಟಿಲ್ಲ, ಆನೆಯಷ್ಟು, ಆನೆಯಷ್ಟೇ ದೊಡ್ಡದು, ಅದು ಸಾಕಾಗಿದೆ, ಇದರ ಒಂದು ಕಾಲು ಬಿದ್ದರೆ ನಟ್ಟೇನು ಜೀಪೇ ಎರಡಾದೀತು, ಅಣ್ಣಾ ಆ ಪೈಪನ್ನ ಒಮ್ಮೆ ತುಳಿಯೋಕೆ ಹೇಳು, ಒಂದೇ ಒಂದು ಸಲ, ಮಾದನ್ ಅರ್ಧ ಮಾತು ಹೇಳಿದ, ಮಾತೂ ಅಲ್ಲ, ನಾಲಗೆಯಲ್ಲಿ ಒಂದು ಟಕ್, ಚೆಲುವಿ ಮುಂದೆ ಬಂದಳು, ಕಾಲೆತ್ತಿದಳು, ಪಾದದ ಅಡಿಯೆಲ್ಲ ಬಿರುಕು, ಬೇಸಿಗೆಯಲ್ಲಿ ಒಣಗಿದ ಕೆರೆಯ ಹಾಗೆ, ಆ ಪಾದ ಪೈಪಿನ ತುದಿಗೆ ತಗುಲಿತು, ತಗುಲಿದ್ದು ಅಷ್ಟೇ, ಭಾರ ಬಿಡಲಿಲ್ಲ, ಪೈಪು ಒಂದು ಕೂದಲೆಳೆಯಷ್ಟು ನಡುಗಿತು, ಅವಳು ಪಾದ ತೆಗೆದು ನೆಲಕ್ಕಿಟ್ಟಳು, ತುಳಿಯೋಕೆ ಹೇಳು ಅಣ್ಣಾ, ಹೇಳಿದೆ, ಇನ್ನೊಮ್ಮೆ ಹೇಳು, ಬೇಡ ಅಂತಾಳೆ, ಬೇಡ ಅಂದರೆ ಬೇಡ, ಆನೆಗೆ ನಟ್ಟಿನ ವಿಷಯ ಏನು ಗೊತ್ತು ಅಂದ ಹಾಲನ್, ಅದಕ್ಕೆ ಗೊತ್ತಿರೋದು ಹೇಳ್ತೀನಿ ಕೇಳಣ್ಣಾ, ಮೂವತ್ತು ವರ್ಷ ಡಿಪೋದಲ್ಲಿ ಮರ ಎಳೆದವಳು, ನೂರು ದಿಮ್ಮಿ ಒಂದರ ಮೇಲೊಂದು ಬಿದ್ದು ಸಿಕ್ಕಿಕೊಂಡಿರುತ್ತೆ, ಯಾವುದನ್ನ ಎಳೆದರೆ ರಾಶಿ ಬಿಡುತ್ತೆ, ಯಾವುದನ್ನ ಎಳೆದರೆ ಇನ್ನೂ ಬಿಗಿಯುತ್ತೆ, ಮನುಷ್ಯ ಎಳೆದ ಮೇಲೆ ತಿಳ್ಕೋತಾನೆ, ಇವಳು ಮೊದಲೇ ಕೇಳ್ತಾಳೆ, ಅದಕ್ಕೇ ಇವಳ ಕಾಲ್ಕೆಳಗೆ ಒಬ್ಬ ಆಳೂ ಸತ್ತಿಲ್ಲ, ಮಾದನ್ ಇನ್ನೂ ಹೇಳುತ್ತಿದ್ದ, ಹಾಲನ್ ಕೇಳಿಸಿಕೊಳ್ಳುತ್ತಿರಲಿಲ್ಲ, ಸೊಂಡಿಲು ಇಳಿದು ಬಂದಿತ್ತು, ಕಾಡಿನ ಅಷ್ಟೂ ಬಲ ಸಣ್ಣದಾಗುತ್ತಾ ಸಣ್ಣದಾಗುತ್ತಾ ಬಂದು ತುದಿಯಲ್ಲಿ ಒಂದೇ ಬೆರಳಾಗಿತ್ತು, ಒದ್ದೆಯಾದ, ಮಗುವಿನ ಹೆಬ್ಬೆರಳಿನಂಥ ಒಂದು ಬೆರಳು, ಅದು ಪೈಪಿನ ತುದಿಯಿಂದ ಹೊರಟು ಪೈಪಿನುದ್ದಕ್ಕೂ ಬಂದಿತು, ಸ್ಪ್ಯಾನರಿನ ಕುತ್ತಿಗೆಗೆ ಬಂದು ನಿಂತಿತು, ಖಾಲಿಯಾದ ನಾಲ್ಕು ಬೋಲ್ಟುಗಳನ್ನು ಒಂದೊಂದಾಗಿ ಮುಟ್ಟಿತು, ಆಮೇಲೆ ಐದನೆಯ ನಟ್ಟಿನ ಮೇಲೆ, ಅವನ ಏಳುನೂರು ಕಿಲೋ ಕುಣಿತಕ್ಕೆ ಕದಲದ ನಟ್ಟಿನ ಮೇಲೆ, ಆ ಬೆರಳು ಕೂತಿತು, ಒತ್ತಲಿಲ್ಲ, ಎಳೆಯಲಿಲ್ಲ, ಜ್ವರ ನೋಡುವವರ ಹಾಗೆ ಕೂತಿತು, ಉಸಿರು ಬಿಟ್ಟಿತು, ತುಕ್ಕಿನ ಪುಡಿ ಹಾರಿತು, ಆಮೇಲೆ ಸೊಂಡಿಲು ಪೈಪಿನ ಅಡಿಗೆ ಹೋಯಿತು, ಮೇಲಿಂದಲ್ಲ, ಅಡಿಯಿಂದ, ಒಂದು ಸುತ್ತು ಸುತ್ತಿಕೊಂಡು ಮೇಲಕ್ಕೆ ಎತ್ತಿತು, ಅಯ್ಯೋ ಅದು ಬಿಗಿಯುವ ಕಡೆ ಎಂದು ಅವನ ಬಾಯಿ ತೆರೆಯಿತು, ಜೀಪಿನ ಮೂತಿ ಗೇಣುದ್ದ ಮೇಲೆದ್ದಿತು, ಕೀಂ ಎಂದು ಕಬ್ಬಿಣ ಅತ್ತಿತು, ಟಣ್, ಪೈಪು ಆಕಾಶ ನೋಡುತ್ತಾ ನಿಂತಿತು, ಜೀಪು ಮೆತ್ತಗೆ ಕೂತಿತು, ನಟ್ಟು ಬಿಟ್ಟಿತ್ತು, ಅವನು ಬೆರಳಲ್ಲಿ ತಿರುಗಿಸಿದ, ಉಲ್ಟಾ ತಿರುಗಿಸಿದ, ಬಂದಿತು, ಮಾದನ್ ಬಗ್ಗಿ ನೋಡಿ, ಉಲ್ಟಾ ಥ್ರೆಡ್ಡಣ್ಣಾ, ಬಿಗಿಯೋ ಕಡೆಗೆ ತಿರುಗಿಸಿದರೇ ಬಿಚ್ಚೋದು, ಹಳೇ ಜೀಪಿಗೆ ಎಡಗಡೆ ಹಿಂಗೇ ಇರೋದು, ಯಾರೋ ನಾಲ್ಕು ಬೋಲ್ಟು ಬದಲಿಸಿ ಒಂದು ಹಳೇದು ಉಳಿಸಿದ್ದಾರೆ, ಅಂದರೆ ಒಂದೂವರೆ ಗಂಟೆ, ಈ ತೋಳು ಈ ಕಾಲು ಈ ಎಪ್ಪತ್ತು ಕಿಲೋ, ಬಿಚ್ಚುತ್ತೇನೆ ಬಿಚ್ಚುತ್ತೇನೆ ಎಂದು ಬಿಗಿಯುತ್ತಲೇ ಇದ್ದದ್ದು, ಪೊನ್ನಮ್ಮ ಎದ್ದು ಬಂದು ಚೆಲುವಿಯ ಸೊಂಡಿಲಿಗೆ ಕೈಮುಗಿದಳು, ಅವನ ಕಡೆಗೆ ತಿರುಗಿಯೂ ನೋಡಲಿಲ್ಲ, ಸ್ಟೆಪ್ನಿ ಹಾಕು, ಅಷ್ಟೇ ಅಂದಳು.

ಒಂದನೇ ತಿರುವು, ಎರಡನೇ ಗೇರು, ಜೀಪು ಮೂಗುಸಿರು ಬಿಡುತ್ತಾ ಏರುತ್ತಿದೆ, ಬಿಸಿಲು ಆಗಲೇ ಗುಡ್ಡದ ಆ ಪಕ್ಕಕ್ಕೆ ವಾಲಿದೆ, ಏಳನೇ ತಿರುವು, ಇದನ್ನು ಊರಲ್ಲಿ ಹೇಳಬೇಕು, ಹೇಗೆ ಹೇಳಲಿ, ಮನಸ್ಸು ಹಳೇ ಚಾಳಿಗೆ ಬೀಳುತ್ತದೆ, ಹತ್ತು ಆನೆ ಅನ್ನಲೇ, ಹತ್ತು ಆನೆ ಅಂದ ಕೂಡಲೇ ಕಥೆ ಚಿಕ್ಕದಾಗುತ್ತದೆ, ದಂತ ಇತ್ತು ಅನ್ನಲೇ, ಮೂತಿ ಗೇಣಲ್ಲ, ಗಾಡಿಯೇ ಆಳೆತ್ತರ ಎದ್ದಿತು ಅನ್ನಲೇ, ಏನು ಸೇರಿಸಿದರೂ ಆ ಬೆರಳು ಕಾಣದಾಗುತ್ತದೆ, ಸೇರಿಸಲು ಎಲ್ಲೂ ಜಾಗವಿಲ್ಲ, ಜೀವಮಾನದಲ್ಲಿ ಮೊದಲ ಸಲ ಅವನಿಗೆ ಹೀಗಾಗಿದೆ, ಅರ್ಧ ಕಳೆದು ಹೇಳೋಣವೆಂದರೆ ಅರ್ಧ ಆನೆಯನ್ನು ಕಳೆಯುವುದು ಎಲ್ಲಿಂದ, ಇದ್ದದ್ದನ್ನು ಇದ್ದಷ್ಟೇ ಹೇಳಿದರೆ ಈ ಬಾಯಿಂದ ಯಾರು ನಂಬುತ್ತಾರೆ, ಇಪ್ಪತ್ತನೇ ತಿರುವು, ಹಾಲಾ, ಹೂಂ ಮಾಮಿ, ಮಾತಾಡ್ತಾ ಇಲ್ಲ ನೀನು, ರಸ್ತೆ ನೋಡ್ತಾ ಇದೀನಿ, ನೀನು ರಸ್ತೆ ನೋಡ್ತಾ ಓಡಿಸೋದನ್ನ ನಾನು ಇವತ್ತೇ ನೋಡಿದ್ದು, ಮೂವತ್ತೊಂದರ ಬಳಿ ಆ ಸಣ್ಣ ಬಸ್ಸು ಇಂಜಿನ್ ಕುದಿದು ಪಕ್ಕಕ್ಕೆ ನಿಂತಿದೆ, ಡ್ರೈವರು ರೇಡಿಯೇಟರಿಗೆ ನೀರು ಹುಯ್ಯುತ್ತಿದ್ದಾನೆ, ಜೀಪನ್ನು ಕಂಡು ಬಾಯಿ ಬಿಟ್ಟ, ಬೇರೆ ದಿನವಾಗಿದ್ದರೆ ಹಾರನ್ ಸದ್ದಿಗೆ ಕಲ್ಲಟ್ಟಿಯ ಜಲಪಾತವೇ ನಿಂತುಹೋಗುತ್ತಿತ್ತು, ಇಂದು ಹಾಲನ್ ಕೈ ಎತ್ತಿ ಸುಮ್ಮನೆ ದಾಟಿದ, ಊಟಿಯಲ್ಲಿ ಮೋಡ ಇಳಿದಿತ್ತು, ಕೂನೂರಿನಲ್ಲಿ ಫ್ಯಾಕ್ಟರಿಗೆ ಎಲೆ ಒಯ್ಯುವ ಲಾರಿಗಳು ದಾರಿಗಡ್ಡ, ಸ್ಟೀರಿಂಗ್ ಮೇಲೆ ಅವನ ಬೆರಳುಗಳು ಇದ್ದವು, ಹತ್ತೂ ಬಿಗಿ ಹಿಡಿದಿದ್ದವು, ಹಿಡಿತ ಸಡಿಲಿಸಿದರೆ ಗಾಡಿ ಇನ್ನೂ ಚೆನ್ನಾಗಿ ತಿರುಗುತ್ತದೆ ಎಂಬುದು ಹುಬ್ಬತಲೈಯ ಕೊನೆಯ ಏರಿನಲ್ಲಿ ತಿಳಿಯಿತು.

ಅಂಗಳದ ತುಂಬ ಬಿಳಿ ಬಟ್ಟೆ ಹೊದ್ದ ಜನ, ಗಂಡಸರು ಎದ್ದು ದಾರಿ ಬಿಟ್ಟರು, ಯಾರೂ ಅಳುತ್ತಿಲ್ಲ, ಅಂದರೆ ಇದೆ, ಜೀವ ಇದೆ, ಒಳಮನೆಯ ಕತ್ತಲಲ್ಲಿ ಹೆತ್ತೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಾಳೆ, ಇಷ್ಟು ಚಿಕ್ಕವಳೇ ಅವಳು, ಉಸಿರು ಬಂದು ಹೋಗುವ ನಡುವೆ ಒಂದು ಎಸ್ಟೇಟ್ ಸುತ್ತಿ ಬರುವಷ್ಟು ಹೊತ್ತು, ಚಿಕ್ಕಪ್ಪನ ಮಗ ರಾಜೇಂದ್ರನ್ ತುಪ್ಪದ ಬಟ್ಟಲು ಹಿಡಿದು ಕೂತಿದ್ದವನು ತಲೆಯಾಡಿಸಿದ, ತಡ ಆಯಿತಣ್ಣಾ, ಹಲ್ಲು ಕಚ್ಚಿಬಿಟ್ಟಿದ್ದಾಳೆ, ಮಧ್ಯಾಹ್ನದಿಂದ ನೀರೂ ಒಳಗೆ ಹೋಗ್ತಾ ಇಲ್ಲ, ಪೊನ್ನಮ್ಮ ತಲೆವಸ್ತ್ರದ ಗಂಟು ಬಿಚ್ಚಲು ಹೋದಳು, ಅವಳು ತಪ್ಪು ಎಳೆ ಹಿಡಿದೆಳೆದು ಗಂಟು ಬಿಗಿಯಿತು, ಹಾಲನ್ ಬಗ್ಗಿ ಆ ಗಂಟಿನ ಯಾವ ಎಳೆ ಯಾವುದರ ಕೆಳಗಿದೆ ಎಂದು ನೋಡಿದ, ಒಂದನ್ನು ಒಳಕ್ಕೆ ದೂಡಿದ, ಬಿಟ್ಟಿತು, ಬಂಗಾರದ ಚೂರು ಅವನ ಅಂಗೈಗೆ ಬಂತು, ಪೊನ್ನಮ್ಮ ಕಸಿದುಕೊಳ್ಳಲಿಲ್ಲ, ತುಪ್ಪದಲ್ಲಿ ಅದ್ದಿದ ಹಣ ತೋರುಬೆರಳ ತುದಿಗೆ ಅಂಟಿಕೊಂಡಿತು, ದವಡೆ ಒತ್ತಿ ಹಿಡೀತೀನಿ, ಗಲ್ಲ ಕೆಳಕ್ಕೆ ಎಳೆ, ಜೋರಾಗಿ ಎಳೆ ಅಣ್ಣಾ, ಹೊತ್ತಿಲ್ಲ, ರಾಜೇಂದ್ರನ್ ಹೇಳುತ್ತಿದ್ದಾನೆ, ಹಾಲನ್‌ನ ಎಡಗೈ ಆಗಲೇ ಗಲ್ಲದ ಮೇಲಿದೆ, ಒಂದೂವರೆ ಗಂಟೆ ಕಬ್ಬಿಣದ ಮೇಲೆ ಕುಣಿದ ಬಲವೆಲ್ಲ ಆ ಕೈಯಲ್ಲಿದೆ, ಅವಳ ಎಲುಬು ಒಣಗಿದ ಟೀ ಕಡ್ಡಿ, ಒತ್ತಿದರೆ ತೆರೆದೀತು, ಮುರಿದೂ ತೆರೆದೀತು, ಬೇಡ, ಬೇಡ ಅಂದರೆ ಬೇಡ ರಾಜೇಂದ್ರಾ, ಕೈ ತೆಗಿ, ಹಾಲನ್ ಎಡಗೈ ಹಿಂದಕ್ಕೆ ತೆಗೆದ, ಬಲಗೈಯ ಆ ಒಂದೇ ಬೆರಳನ್ನು ಒಣಗಿದ ತುಟಿಯ ಮೇಲೆ ತಂದಿಟ್ಟ, ಒತ್ತಲಿಲ್ಲ, ಹೆತ್ತೇ, ಹಾಲ ಬಂದಿದೀನಿ, ಹಣ ತಂದಿದೀನಿ, ದಾರೀಲಿ ಒಂದು ಆನೆ ಸಿಕ್ತು, ಒಂದೇ ಆನೆ, ಇಷ್ಟು ಹೇಳಿ ಕಾದ, ಎಷ್ಟು ಹೊತ್ತು, ಹೊರಗೆ ಯಾರೋ ಕೆಮ್ಮಿದರು, ಅಂಗಳದ ಬೆಳಕು ಹೊಸ್ತಿಲಿನಿಂದ ಒಂದು ಗೆರೆ ಹಿಂದಕ್ಕೆ ಸರಿಯಿತು, ಬೆರಳಿನಡಿಯಲ್ಲಿ ಮೊದಲು ಬಿಸಿಯುಸಿರು, ಆಮೇಲೆ ತುಟಿ ಸಡಿಲವಾಯಿತು, ಹಲ್ಲಿಲ್ಲದ ಒಂದು ಸಂದಿನಿಂದ ನಾಲಗೆಯ ತುದಿ ಹೊರಬಂದಿತು, ಕಣ್ಣು ಮುಚ್ಚಿಕೊಂಡೇ ಬಂದಿತು, ತುಪ್ಪವನ್ನು ಮುಟ್ಟಿತು, ಬಂಗಾರದ ಅಂಚನ್ನು ಮುಟ್ಟಿತು, ತರಚಿದ ಗೆಣ್ಣಿನವರೆಗೂ ಬಂದು ಯಾರ ಕೈ ಇದು ಎಂದು ಕೇಳಿಕೊಂಡಿತು, ಹಿಂದಿರುಗಿತು, ಹಣ ಈಗ ಬೆರಳ ಮೇಲಿಲ್ಲ, ಗಂಟಲು ಒಂದು ಸಲ ಏರಿ ಇಳಿಯಿತು, ಪೊನ್ನಮ್ಮ ಗೋಡೆಗೆ ಒರಗಿದಳು, ರಾಜೇಂದ್ರನ್ ಏನೋ ಹೇಳುತ್ತಿದ್ದಾನೆ, ಎಲ್ಲರೂ ಏನೋ ಹೇಳುತ್ತಿದ್ದಾರೆ, ಹಾಲನ್ ಕೈ ಹಿಂದಕ್ಕೆ ತೆಗೆದಿಲ್ಲ, ತುಟಿಯ ಮೇಲೆ ಆ ಬೆರಳು, ನಟ್ಟಿನ ಮೇಲೆ ಆ ಬೆರಳು, ಒದ್ದೆಯಾದದ್ದು, ಒತ್ತದೆ ಕೂತದ್ದು, ಆ ಬೆರಳು —